ಸಹಾಯ ಬೇಕು: ತಡವಾಗಿ ಓಡ್ತಿರೋ ಡ್ರಿಪ್‌ನ ಲೆಕ್ಕ

ಎಲ್ಲರಿಗೂ ನಮಸ್ಕಾರ. ಮನೆ, ಮಕ್ಕಳ ಜೊತೆಗೆ ನರ್ಸಿಂಗ್ ಮೊದಲ ವರ್ಷ ಓದ್ತಾ ಇದೀನಿ. ಮಕ್ಕಳು ಮಲಗಿದ ಮೇಲೆ ದಿನಕ್ಕೆ 40 ನಿಮಿಷ ಸಿಗುತ್ತೆ, ಅದರಲ್ಲಿ ಡ್ರಿಪ್ ಲೆಕ್ಕ ಒಂದೇ ನನ್ನನ್ನ ಹಿಡಿದು ನಿಲ್ಲಿಸಿದೆ.

ಸರಳ ಲೆಕ್ಕ ಬರುತ್ತೆ. 1000 ಮಿಲಿ, 8 ಗಂಟೆ, ಮಿಲಿಗೆ 20 ಹನಿ ಬೀಳೋ ಸೆಟ್ (ಡ್ರಿಪ್ ಕೊಳವೆ): 1000 × 20 ÷ 480 = 41.67, ಅಂದ್ರೆ ನಿಮಿಷಕ್ಕೆ 42 ಹನಿ. ಮೊದಮೊದಲು ಗಂಟೆಯನ್ನ ನಿಮಿಷ ಮಾಡೋದು ಮರೆತು ತಪ್ಪಾಗ್ತಿತ್ತು. ಈಗ ಪ್ರತಿ ಸಂಖ್ಯೆ ಪಕ್ಕ ಅದರ ಅಳತೆಯನ್ನೂ ಬರೆದುಕೊಳ್ತೀನಿ, ಆ ತಪ್ಪು ನಿಂತಿದೆ.

ಸಿಕ್ಕಿಕೊಂಡಿರೋದು ಇಲ್ಲಿ. ಇದೇ ಡ್ರಿಪ್‌ನಲ್ಲಿ ರೋಗಿ ಕೈ ಮಡಚಿದ್ದಕ್ಕೆ ಹರಿವು ನಿಧಾನ ಆಗಿ, 3 ಗಂಟೆಗೆ 375 ಮಿಲಿ ಹೋಗಬೇಕಾದಲ್ಲಿ 300 ಮಾತ್ರ ಹೋಗಿದೆ ಅಂತ ಪ್ರಶ್ನೆ. ಉಳಿದ 700 ಮಿಲಿಯನ್ನ ಉಳಿದ 300 ನಿಮಿಷಕ್ಕೆ ಹಾಕಿದ್ರೆ 700 × 20 ÷ 300 = 46.67, ಅಂದ್ರೆ ನಿಮಿಷಕ್ಕೆ 47 ಹನಿ. ಲೆಕ್ಕ ಸರಿ ಇದೆ. ಆದ್ರೆ ಹೃದಯ ಅಥವಾ ಕಿಡ್ನಿ ತೊಂದರೆ ಇರೋರಿಗೆ ದ್ರವ ಜೋರಾಗಿ ಹೋದ್ರೆ ಶ್ವಾಸಕೋಶದಲ್ಲಿ ನೀರು ತುಂಬೋ ಅಪಾಯ ಇದೆಯಲ್ಲ? ಪುಸ್ತಕ ಎರಡು ಸಲ ತಿರುವಿ ಹಾಕಿದೆ, ಸೂತ್ರ ಇದೆ, ಯಾವಾಗ ವೇಗ ಹೆಚ್ಚಿಸಬಾರದು ಅನ್ನೋದು ಸ್ಪಷ್ಟ ಇಲ್ಲ.

ವಾರ್ಡಲ್ಲಿ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಇಂಥ ಪ್ರಶ್ನೆಗೆ 47 ಅಂತ ಬರೆದು ಮುಗಿಸಬೇಕಾ, ಅಥವಾ 42ರಲ್ಲೇ ಇಟ್ಟು ಡಾಕ್ಟರ್‌ಗೆ ತಿಳಿಸ್ತೀನಿ ಅಂತ ಬರೀಬೇಕಾ? ಯಾವ ರೋಗಿಗೆ ಯಾವುದು?