‘ಫೆರೋಎಲೆಕ್ಟ್ರಿಸಿಟಿ’ಗೆ ಕನ್ನಡದಲ್ಲಿ ಏನೆನ್ನಬೇಕು?

ಆಕ್ಸೈಡ್‌ಗಳ ತೆಳುಪೊರೆಗಳನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ‘ಫೆರೋಎಲೆಕ್ಟ್ರಿಸಿಟಿ’ ಎಂಬ ಪದ ತೊಡಕಾಗಿದೆ. ಕೆಲವು ಹರಳುಗಳಲ್ಲಿ ತಾನಾಗಿಯೇ ಇರುವ, ಹೊರಗಿನ ವಿದ್ಯುತ್ ಕ್ಷೇತ್ರದಿಂದ ತಿರುಗಿಸಬಹುದಾದ ವಿದ್ಯುತ್ ಧ್ರುವತೆಗೆ ಈ ಹೆಸರು. ಬಲ್ಲವರ ಅಭಿಪ್ರಾಯವನ್ನು ಕೋರುತ್ತೇನೆ.

‘ಫೆರೋ’ ಎಂದರೂ ‘ಅಯಸ್’ ಎಂದರೂ ಕಬ್ಬಿಣವೇ; ಹಾಗಾಗಿ ‘ಅಯೋವಿದ್ಯುತ್ತು’ ಎಂದರೆ ಓದುಗರು ಇದಕ್ಕೂ ಕಬ್ಬಿಣಕ್ಕೂ ನಂಟಿದೆಯೆಂದು ತಿಳಿಯುತ್ತಾರೆ. 1920ರಲ್ಲಿ ಜೋಸೆಫ್ ವಲಾಸೆಕ್ ಈ ಗುಣವನ್ನು ಗುರುತಿಸಿದ್ದು ರೋಶೆಲ್ ಉಪ್ಪಿನಲ್ಲಿ. ಸೋಡಿಯಂ ಮತ್ತು ಪೊಟ್ಯಾಸಿಯಂಗಳ ಟಾರ್ಟರೇಟ್ ಆದ ಆ ಉಪ್ಪಿನಲ್ಲಿ ಕಬ್ಬಿಣವೇ ಇಲ್ಲ. ಕಬ್ಬಿಣದ ಕಾಂತತೆಯೊಡನೆ ಕಂಡ ಹೋಲಿಕೆಯಷ್ಟೇ ಈ ಹೆಸರಿಗೆ ಆಧಾರ. ನಮ್ಮ ‘ಅಯಸ್ಕಾಂತ’ ಎಂಬ ಪದದಲ್ಲಿ ಕಬ್ಬಿಣದ ಹೆಸರಿರುವುದು ಸಹಜ, ಅದು ಕಬ್ಬಿಣಕ್ಕೆ ಪ್ರಿಯವಾದ ಕಲ್ಲು, ಇಲ್ಲಿ ಅದಕ್ಕೆ ಕಾರಣವಿಲ್ಲ.

ಹೊರಗಿನ ವಿದ್ಯುತ್ ಕ್ಷೇತ್ರವಿಲ್ಲದೆಯೂ ಹರಳಿನೊಳಗೆ ಧನ ಮತ್ತು ಋಣ ಆವೇಶಗಳ ಕೇಂದ್ರಗಳು ಒಂದರಿಂದೊಂದು ಸರಿದು ನಿಂತಿರಬೇಕು, ಎದುರು ದಿಕ್ಕಿನ ಕ್ಷೇತ್ರಕ್ಕೆ ಒಳಗಾದಾಗ ಆ ಧ್ರುವತೆ ತಿರುಗುಮುರುಗಾಗಬೇಕು, ಕ್ಷೇತ್ರವನ್ನು ತೆಗೆದ ಮೇಲೂ ಹಾಗೆಯೇ ಉಳಿಯಬೇಕು: ಇದು ಪದದ ಅರ್ಥ. ‘ಸ್ವಯಂಧ್ರುವತೆ’ ಎಂದರೆ ಮೊದಲ ಲಕ್ಷಣ ಮಾತ್ರ ಬರುತ್ತದೆ. ಟೂರ್ಮಲೀನ್ ಹರಳಿಗೂ ಸ್ವಯಂಧ್ರುವತೆಯಿದೆ, ಆದರೆ ಅದು ತಿರುಗುವುದಿಲ್ಲ. ಹೀಗಾಗಿ ನನ್ನ ಒಲವು ‘ಹೊರಳುಧ್ರುವತೆ’ಯ ಕಡೆಗಿದೆ. ಮಲಗಿದವರು ಮಗ್ಗುಲು ಹೊರಳಿ ಆ ಮಗ್ಗುಲಲ್ಲೇ ಉಳಿಯುವಂತೆ, ಇದೂ ಹೊರಳಿ ನಿಲ್ಲುತ್ತದೆ. ಅರಿಸಮಾಸವೆಂಬ ಆಕ್ಷೇಪ ಬರಬಹುದು. ಅರ್ಥ ಇಷ್ಟು ನೇರವಾಗಿ ತಿಳಿಯುವುದಾದರೆ ಅದನ್ನು ಒಪ್ಪಬಹುದೆಂದು ನನ್ನ ಭಾವನೆ.

ಇನ್ನೊಂದು ಪದ ‘ಸ್ಟ್ರೈನ್’, ಅಂದರೆ ವಸ್ತುವೊಂದು ತನ್ನ ಸಹಜ ಅಳತೆಯಿಂದ ಹಿಗ್ಗುವುದು ಅಥವಾ ಕುಗ್ಗುವುದು. ಸ್ಟ್ರಾನ್ಷಿಯಂ ಟೈಟನೇಟ್ ಗಟ್ಟಿಹರಳಾಗಿರುವಾಗ ಎಷ್ಟು ತಣಿಸಿದರೂ ಈ ಗುಣವನ್ನು ತಳೆಯುವುದಿಲ್ಲ. ಅದನ್ನೇ, ಪರಮಾಣುಗಳ ಅಂತರ ಸುಮಾರು ಶೇ. 1ರಷ್ಟು ಹೆಚ್ಚಿರುವ ಡಿಸ್ಪ್ರೋಸಿಯಂ ಸ್ಕ್ಯಾಂಡೇಟಿನ ಮೇಲೆ ತೆಳುಪೊರೆಯಾಗಿ ಬೆಳೆಸಿದರೆ, ಪೊರೆಯು ತಳದ ಅಳತೆಗೆ ಹೊಂದಿಕೊಳ್ಳಲು ಅಡ್ಡಕ್ಕೆ ಹಿಗ್ಗುತ್ತದೆ, ಟೈಟೇನಿಯಂ ಪರಮಾಣುಗಳು ಆಕ್ಸಿಜನ್ ಪಂಜರದ ನಟ್ಟನಡುವಿನಿಂದ ಸರಿಯುತ್ತವೆ, ಕೊಠಡಿಯ ಉಷ್ಣತೆಯಲ್ಲಿಯೇ ಈ ಗುಣ ಮೂಡುತ್ತದೆ. 2004ರಲ್ಲಿ ಪ್ರಕಟವಾದ ಈ ಫಲಿತಾಂಶವೇ ನನ್ನ ಲೇಖನದ ತಿರುಳು. ಪಠ್ಯಗಳು ಸ್ಟ್ರೈನ್‌ಗೆ ‘ವಿಕೃತಿ’ ಎನ್ನುತ್ತವೆ. ಬೇಕೆಂದೇ, ಇಷ್ಟು ಎಚ್ಚರದಿಂದ ತಂದುಕೊಂಡ ಮಾರ್ಪಾಡನ್ನು ವಿಕೃತಿ ಎನ್ನಲು ನನಗೆ ಮನಸ್ಸು ಬರುತ್ತಿಲ್ಲ. ‘ಹಿಗ್ಗು’ ಈ ಪೊರೆಗೆ ಒಪ್ಪುತ್ತದೆ; ಆದರೆ ಅಂತರ ಕಡಿಮೆಯಿರುವ ತಳದ ಮೇಲೆ ಬೆಳೆಸಿದ ಪೊರೆ ಕುಗ್ಗುತ್ತದೆ, ಅದೂ ಸ್ಟ್ರೈನೇ. ಹಿಗ್ಗು, ಕುಗ್ಗು ಎರಡನ್ನೂ ಒಳಗೊಳ್ಳುವ ಒಂದೇ ಪದ ನೇಯ್ಗೆಯವರ, ಚಮ್ಮಾರರ ಅಥವಾ ಮದ್ದಳೆ ಬಿಗಿಯುವವರ ಮಾತಿನಲ್ಲಿ ಇದೆಯೇ?