ಗೋಡೆಯ ಕಂಬಿ ಕತ್ತರಿಸಿದ್ದಾರೆ, ಪರವಾಗಿಲ್ವಾ? ಪ್ರೀಕಾಸ್ಟ್ ಮನೆ ಪ್ರಶ್ನೋತ್ತರ

ದಾವಣಗೆರೆಯಲ್ಲಿ ಮನೆ ಕಟ್ಟುವವರ ಗುಂಪಿನಲ್ಲಿ ಈ ಭಾನುವಾರ ಸ್ಟ್ರಕ್ಚರಲ್ ಇಂಜಿನಿಯರ್ ಒಬ್ಬರು ಉತ್ತರಿಸಿದ್ದು. ಪ್ರೀಕಾಸ್ಟ್ ಅಂದರೆ ಗೋಡೆ, ಸ್ಲ್ಯಾಬ್‌ಗಳನ್ನು ಕಾರ್ಖಾನೆಯಲ್ಲೇ ಕಾಂಕ್ರೀಟ್‌ನಲ್ಲಿ ಎರಕ ಹೊಯ್ದು, ತಂದು ಜೋಡಿಸುವುದು.

ವಿದ್ಯಾನಗರದ ಸದಸ್ಯ: ಸರ್, ಪ್ರೀಕಾಸ್ಟ್ ಮನೆಗೆ ಕೋಡ್ ಇದೆಯಾ?

ಇಂಜಿನಿಯರ್: ಇದೆ. ಭಾರತೀಯ ಮಾನಕ ಐಎಸ್ 15916, 2020ರಲ್ಲಿ ಪರಿಷ್ಕರಿಸಿದ್ದು. 2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ 6ನೇ ಭಾಗದಲ್ಲೂ ಇದೆ. ಆದರೆ ಸಂಹಿತೆ ಬರೀ ಶಿಫಾರಸು. ಸ್ಥಳೀಯ ಕಟ್ಟಡ ನಿಯಮಕ್ಕೆ ಸೇರಿದರೆ ಮಾತ್ರ ಕಡ್ಡಾಯ.

ಆವರಗೆರೆಯ ಸದಸ್ಯೆ: ನಮಸ್ಕಾರ ಸರ್. ನಮ್ಮ ಗೋಡೆಗಳು ಲಾರಿಯಲ್ಲಿ ಬಂದವು. ಕೆಳಗಿನಿಂದ ಎದ್ದ ಕಂಬಿ ಗೋಡೆಯ ತೂತಿಗೆ ಕೂರಲಿಲ್ಲ. ಕೆಲಸದವರು ಮೂರು ಕಂಬಿ ಕತ್ತರಿಸಿ ಗೋಡೆ ನಿಲ್ಲಿಸಿದರು. ನಾಳೆ ಮೇಲಿನ ಸ್ಲ್ಯಾಬ್ ಇಡ್ತಾರಂತೆ. ಪರವಾಗಿಲ್ವಾ?

ಇಂಜಿನಿಯರ್: ಅಮ್ಮಾ, ನಾಳೆ ಕ್ರೇನ್ ಬೇಡ ಅಂತ ಈಗಲೇ ಫೋನ್ ಮಾಡಿ. ಗೋಡೆಗೆ ಕೊಟ್ಟ ಓರೆ ಆಸರೆ ಯಾರೂ ಬಿಚ್ಚಬಾರದು. ಪ್ರೀಕಾಸ್ಟ್‌ನಲ್ಲಿ ಗೋಡೆ ಗಟ್ಟಿಯಾಗಿಯೇ ಇರುತ್ತದೆ. ಸೋಲುವುದು ಒಂದಕ್ಕೊಂದು ಸೇರುವ ಸಂದಿ. ಆ ಕಂಬಿಯೇ ಗೋಡೆಯನ್ನು ಕೆಳಗಿನದಕ್ಕೆ ಕಟ್ಟಿ ಹಿಡಿಯುವುದು. ಲಂಡನ್ನಿನ ರೋನನ್ ಪಾಯಿಂಟ್ ಅಂತ 22 ಅಂತಸ್ತಿನ ಕಟ್ಟಡ. 1968ರ ಮೇ 16ರಂದು 18ನೇ ಅಂತಸ್ತಿನಲ್ಲಿ ಗ್ಯಾಸ್ ಸಿಡಿದು ಒಂದು ಗೋಡೆ ಹೊರಗೆ ಹೋಯಿತು. ಇಡೀ ಮೂಲೆ ಮೇಲಿಂದ ಕೆಳಗಿನವರೆಗೂ ಕುಸಿಯಿತು. ನಾಲ್ಕು ಜನ ಸತ್ತರು. ಆಮೇಲೆ ಬ್ರಿಟನ್ ನಿಯಮ ಬದಲಿಸಿತು: ಒಂದು ಭಾಗ ಹೋದರೆ ಉಳಿದದ್ದು ಸಾಲಾಗಿ ಬೀಳಬಾರದು. ಮುಂದೆ ಆ ಕಟ್ಟಡ ಬಿಚ್ಚಿದಾಗ ಕೆಲವು ಸಂದಿಯಲ್ಲಿ ಸಿಕ್ಕಿದ್ದು ನ್ಯೂಸ್ ಪೇಪರ್!

ನಮ್ಮಲ್ಲಿ ಬದಲಾಗಬೇಕಾದದ್ದೂ ಇಲ್ಲೇ. ಮೋಲ್ಡ್ ಹಾಕುವ ಮುಂಚೆ ಕಂಬಿ ನೋಡುವುದು ನಮ್ಮ ರೂಢಿ. ಪ್ರೀಕಾಸ್ಟ್‌ನಲ್ಲಿ ಕಂಬಿ ಗೋಡೆಯೊಳಗೆ ಮುಚ್ಚಿಕೊಂಡೇ ಬರುತ್ತದೆ. ತಪಾಸಣೆ ಕಾರ್ಖಾನೆಯಲ್ಲೂ ಆಗಬೇಕು, ಸಂದಿಗೆ ಗ್ರೌಟ್ (ತೆಳು ಸಿಮೆಂಟ್ ಗಾರೆ) ತುಂಬುವ ಹೊತ್ತಿನಲ್ಲೂ ಆಗಬೇಕು.

ನಿಟ್ಟುವಳ್ಳಿಯ ಸದಸ್ಯ: ಫಾರ್ವರ್ಡ್ ಬಂದಿದೆ. ಸಂದಿಗೆ ಫೋಮ್ ಸ್ಪ್ರೇ ಹೊಡೆದರೆ ಸಾಕಂತೆ.

ಇಂಜಿನಿಯರ್: ಫೋಮ್ ಗಾಳಿ ತಡೆಯುತ್ತದೆ, ಭಾರ ಹೊರುವುದಿಲ್ಲ. ಇಂಥದ್ದನ್ನು ದಯವಿಟ್ಟು ಇಲ್ಲಿ ಹಾಕಬೇಡಿ. ಜೀವ ಹೋಗುತ್ತದೆ.

ಹರಿಹರದ ಸದಸ್ಯ: ಬ್ಯಾಂಕಿನವರು ಸಾಲ ಕೊಡ್ತಾರಾ ಸರ್?

ಒಬ್ಬ ಮೇಸ್ತ್ರಿ: ಇಟ್ಟಿಗೆ ಮನೆಗೆ ಈ ತಲೆನೋವೇ ಇಲ್ಲ. ನಮ್ಮ ಕೆಲಸ ಕಿತ್ತುಕೊಂಡು ಡಬ್ಬಿ ಮನೆ ತರ್ತಾರೆ.

ವಿದ್ಯಾನಗರದ ಸದಸ್ಯ: ನೀವು ವರ್ಷಗಟ್ಟಲೆ ಎಳೀತೀರಲ್ಲ, ಅದಕ್ಕೇ ಜನ ಅತ್ತ ಹೋಗ್ತಿರೋದು.

ಮೇಸ್ತ್ರಿ: ದುಡ್ಡು ಕೊಡದೆ ಕೆಲಸ ನಿಲ್ಲಿಸೋರು ಯಾರು? ಬಾಯಿ ಬಿಗಿ ಹಿಡಿದು ಮಾತಾಡಿ.

ಹರಿಹರದ ಸದಸ್ಯ: ನನ್ನ ಪ್ರಶ್ನೆ?

ನಿಟ್ಟುವಳ್ಳಿಯ ಸದಸ್ಯ: ಹಗುರ ಮನೆಗೆ ಪಾಯ ಬೇಡ ಅಂತಾರಲ್ಲ?

ಇಂಜಿನಿಯರ್: ಬೇಕು. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ.

ವಿದ್ಯಾನಗರದ ಸದಸ್ಯ: ಕೋಡ್ ನಂಬರ್ ಏನಂದ್ರಿ?

ಇಂಜಿನಿಯರ್: ಮೇಲೆ ಓದಿ.

ಆವರಗೆರೆಯ ಸದಸ್ಯೆ: ಫೋನ್ ಮಾಡಿದೆ ಸರ್. ಕ್ರೇನ್ ಅಡ್ವಾನ್ಸ್ ವಾಪಸ್ ಬರಲ್ಲ ಅಂತಾರೆ. ರಾಸಾಯನಿಕ ಹಾಕಿ ಹೊಸ ಕಂಬಿ ಕೂರಿಸ್ತಾರಂತೆ.

ಇಂಜಿನಿಯರ್: ಅಡ್ವಾನ್ಸ್ ಹೋಗಲಿ. ಹೊಸ ಕಂಬಿ ಎಷ್ಟು ಆಳ ಹೋಗಬೇಕು ಅಂತ ಲೆಕ್ಕ ಹಾಕಿ ಸಹಿ ಮಾಡಿದ ಡ್ರಾಯಿಂಗ್ ಕೇಳಿ. ಕತ್ತರಿಸಿದ ಜಾಗದ ಫೋಟೊ ಕಳಿಸಿ, ಪಕ್ಕದಲ್ಲಿ ಟೇಪ್ ಹಿಡಿದು. ರಾತ್ರಿ ಎಷ್ಟೊತ್ತಾದರೂ ನೋಡುತ್ತೇನೆ.