ಸಹಾಯ ಬೇಕು: ಸ್ಕ್ಯಾನಿಂಗ್ ಚೀಟಿಗೆ ಜನಕ್ಕೆ ಅರ್ಥವಾಗುವ ಕನ್ನಡ

ಎಲ್ಲರಿಗೂ ನಮಸ್ಕಾರ. ಹೊಟ್ಟೆ ಮತ್ತು ವೃಷಣದ ಅಲ್ಟ್ರಾಸೌಂಡ್‌ಗೆ ಬರುವವರಿಗೆ ಕೊಡಲು ಒಂದು ಪುಟದ ಸೂಚನಾ ಚೀಟಿ ಮಾಡುತ್ತಿದ್ದೇವೆ. ಎರಡು ಕಡೆ ಮಾತು ಸಿಗುತ್ತಿಲ್ಲ.

ಮೊದಲನೆಯದು ಹೊಟ್ಟೆ ಸ್ಕ್ಯಾನ್. 6ರಿಂದ 8 ಗಂಟೆ ಏನೂ ತಿನ್ನಬಾರದು, ಬರೀ ನೀರು ಪರವಾಗಿಲ್ಲ. ಆದರೆ 'ಖಾಲಿ ಹೊಟ್ಟೆ' ಅಂದರೆ ಕಾಫಿ ಲೆಕ್ಕಕ್ಕಿಲ್ಲ ಅಂತಲೇ ಜನರ ಭಾವನೆ! ಹಾಲಿನ ಕೊಬ್ಬಿಗೆ ಪಿತ್ತಕೋಶ ಮುದುಡುತ್ತದೆ. ಸಣ್ಣ ಕಲ್ಲು ತಪ್ಪಿಹೋಗಬಹುದು, ಗೋಡೆ ದಪ್ಪಗಾದಂತೆ ಕಾಣಬಹುದು. ಬೀಡಿ, ಚೂಯಿಂಗ್ ಗಮ್‌ ಜೊತೆ ನುಂಗಿದ ಗಾಳಿ ಮೇದೋಜ್ಜೀರಕವನ್ನು (ಪ್ಯಾಂಕ್ರಿಯಾಸ್) ಮರೆಮಾಡುತ್ತದೆ. ಇದನ್ನೆಲ್ಲ ಒಂದೇ ಸಾಲಲ್ಲಿ ಹೇಗೆ ಹೇಳುವುದು?

ಮೂತ್ರಕೋಶವನ್ನೂ ನೋಡಬೇಕಿದ್ದರೆ ಒಂದು ಗಂಟೆ ಮುಂಚೆ 3–4 ಲೋಟ ನೀರು ಕುಡಿದು, ಮೂತ್ರ ಮಾಡದೆ ಬರಬೇಕು. ಕಿಡ್ನಿ ಅಥವಾ ಹೃದಯದ ತೊಂದರೆಗೆ ನೀರು ಕಡಿಮೆ ಕುಡಿಯಿರಿ ಎಂದು ಹೇಳಿಸಿಕೊಂಡವರಿಗೆ ಇದು ಬೇಡ. ಸಕ್ಕರೆ ಕಾಯಿಲೆಯವರು ಬೆಳಗಿನ ಮೊದಲ ಸರದಿ ಕೇಳಲಿ. ಅಂದಿನ ಇನ್ಸುಲಿನ್, ಮಾತ್ರೆ ಬಗ್ಗೆ ವೈದ್ಯರನ್ನು ಮೊದಲೇ ವಿಚಾರಿಸಲಿ.

ಎರಡನೆಯದು ವೃಷಣದ ಸ್ಕ್ಯಾನ್. ಉಪವಾಸ ಬೇಡ, ಕೂದಲು ತೆಗೆಯುವುದೂ ಬೇಡ. ರಕ್ತನಾಳ ಉಬ್ಬಿದೆಯೇ ನೋಡಲು ನಿಲ್ಲಿಸಿ, ತಿಣುಕಲು ಹೇಳುತ್ತಾರೆ. 'ವೃಷಣ' ಹಲವರಿಗೆ ತಿಳಿಯದು, 'ಬೀಜ' ಬರೆದರೆ ಸಂಕೋಚ. ನಿಮ್ಮ ಊರಲ್ಲಿ ಹೆಂಗಸರ ಮುಂದೆಯೂ ಆಡುವ ಪದ ಯಾವುದು? ಒಂದು ಸಾಲಂತೂ ಹುಡುಗರಿಗೂ ಅರ್ಥವಾಗಲೇಬೇಕು: ದಿಢೀರನೆ ತೀವ್ರ ನೋವು ಬಂದರೆ ಸರದಿಗೆ ಕಾಯದೆ ತುರ್ತು ವಿಭಾಗಕ್ಕೆ ಹೋಗಿ, ವೃಷಣ ತಿರುಚಿಕೊಂಡಿದ್ದರೆ ಉಳಿಸಲು ಸುಮಾರು 6 ಗಂಟೆಯಷ್ಟೇ ಸಮಯ.

ಉತ್ತರ ಕರ್ನಾಟಕ, ಕರಾವಳಿಯವರು ದಯವಿಟ್ಟು ತಿಳಿಸಿ.